ಯೂನಿಯನ್ ಪತ್ರಿಕೆ ಮತ್ತು ಯೂನಿಯನ್ ಚುನಾವಣೆ

ಒಂದು ಯೂನಿಯನ್ ಪತ್ರಿಕೆಯ ಸಂಚಿಕೆ ಕೈಯಲ್ಲಿದೆ ಅಂದುಕೊಳ್ಳಿ. ಹದಿನಾರು ಪುಟ. ಪದಾಧಿಕಾರಿಗಳ ಚುನಾವಣೆಗೆ ಇನ್ನು ಆರು ವಾರ ಇದೆ. ಮುಖಪುಟದಲ್ಲಿ ಅಧ್ಯಕ್ಷರು ವೇತನ ಒಪ್ಪಂದಕ್ಕೆ ಸಹಿ ಹಾಕುತ್ತಿರುವ ಫೋಟೊ. ಎರಡನೇ ಪುಟದಲ್ಲಿ ಅಧ್ಯಕ್ಷರ ಅಂಕಣ, ಅಲ್ಲೂ ಅವರದೇ ಮುಖ. ಐದನೇ ಪುಟದಲ್ಲಿ ಅವರು ಆಸ್ಪತ್ರೆಯಲ್ಲಿ ಗಾಯಾಳು ಕಾರ್ಮಿಕರೊಬ್ಬರ ಕೈ ಹಿಡಿದು ಕೂತಿದ್ದಾರೆ. ಒಂಬತ್ತರಲ್ಲಿ ಸಮಾವೇಶ, ಅವರ ಭಾಷಣ, ಚಪ್ಪಾಳೆ. ಕೊನೆಯ ಪುಟದಲ್ಲಿ ನಿವೃತ್ತ ಸದಸ್ಯರಿಗೆ ಶಾಲು ಹೊದಿಸುವವರೂ ಅವರೇ.

ಹದಿನಾರು ಪುಟದಲ್ಲಿ ಎಲ್ಲೂ 'ಇವರಿಗೆ ಮತ ಹಾಕಿ' ಅಂತ ಬರೆದಿಲ್ಲ. ಒಂದು ಸುಳ್ಳೂ ಇಲ್ಲ. ಅವರ ವಿರುದ್ಧ ನಿಂತಿರುವವರ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ, ಯಾಕೆಂದರೆ ಅವರ ಹೆಸರೇ ಇಲ್ಲ. ಹಾಗಾದರೆ ಇದು ಸುದ್ದಿಯೋ, ಪ್ರಚಾರವೋ?

ಇವತ್ತು ನಾನು ಅಮೆರಿಕದ ಕಾನೂನನ್ನು ಇಟ್ಟುಕೊಂಡು ಮಾತಾಡುತ್ತೇನೆ. ಈ ಪ್ರಶ್ನೆಯನ್ನು ಅವರು ಅರುವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಕೋರ್ಟುಗಳಲ್ಲಿ ಜಗ್ಗಾಡಿದ್ದಾರೆ. ಅಲ್ಲಿ ಬೆಳೆದು ಬಂದ ನಿಯಮಗಳು ಸ್ಪಷ್ಟವಾಗಿವೆ. ಹಾಗಿದ್ದೂ ಒಂದಿಷ್ಟು ಕಡೆ ಗೋಜಲು ಉಳಿದೇ ಇದೆ. ಆ ಗೋಜಲಿನ ಬಗ್ಗೆಯೇ ನನಗೆ ಹೆಚ್ಚು ಆಸಕ್ತಿ.

1950ರ ದಶಕದ ಕೊನೆಯಲ್ಲಿ ಸೆನೆಟರ್ ಜಾನ್ ಮೆಕ್ಲೆಲನ್ ಅಧ್ಯಕ್ಷತೆಯ ಸಮಿತಿಯೊಂದು ಯೂನಿಯನ್‌ಗಳೊಳಗಿನ ಭ್ರಷ್ಟಾಚಾರದ ವಿಚಾರಣೆ ನಡೆಸಿತು. ಅದರ ಮುಖ್ಯ ವಕೀಲರು ರಾಬರ್ಟ್ ಕೆನಡಿ. ಅದರಿಂದ ಹುಟ್ಟಿದ್ದು 1959ರ ಕಾಯ್ದೆ, ಜನ ಲ್ಯಾಂಡ್ರಮ್-ಗ್ರಿಫಿನ್ ಕಾಯ್ದೆ ಅಂತ ಕರೆಯುವುದು. ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದರು. ಅದನ್ನು ತಂದವರೆಲ್ಲ ಕಾರ್ಮಿಕರ ಹಿತೈಷಿಗಳಾಗಿರಲಿಲ್ಲ. ಯೂನಿಯನ್‌ಗಳ ಕೈ ಕಟ್ಟಬೇಕು ಅಂತಲೇ ಬೆಂಬಲಿಸಿದವರೂ ಅದರಲ್ಲಿದ್ದರು. ಆದರೆ ಚುನಾವಣೆ ಬಗ್ಗೆ ಇರುವ ಅಧ್ಯಾಯ ಸಾಮಾನ್ಯ ಸದಸ್ಯರಿಗೆ ನಿಜಕ್ಕೂ ಉಪಯೋಗಕ್ಕೆ ಬಂತು. ಸ್ಥಳೀಯ ಸಂಘದಲ್ಲಿ ಕನಿಷ್ಠ ಮೂರು ವರ್ಷಕ್ಕೊಮ್ಮೆ, ರಾಷ್ಟ್ರಮಟ್ಟದ ಸಂಘದಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಅದು ಹೇಳಿತು.

ಪತ್ರಿಕೆಗೆ ಸಂಬಂಧಪಟ್ಟ ಎರಡು ಉಪವಿಧಿಗಳು ಆ ಕಾಯ್ದೆಯ 401ನೇ ಸೆಕ್ಷನ್‌ನಲ್ಲಿವೆ. ಒಂದು, 401(ಜಿ). ಸದಸ್ಯರು ಕೊಟ್ಟ ಚಂದಾ ಹಣವನ್ನಾಗಲಿ, ಯಾವುದೇ ಮಾಲೀಕರ ಹಣವನ್ನಾಗಲಿ ಯಾವ ಅಭ್ಯರ್ಥಿಯ ಪರವಾಗಿಯೂ ಬಳಸಬಾರದು. ಇನ್ನೊಂದು, 401(ಸಿ). ಅಭ್ಯರ್ಥಿ ತನ್ನ ಖರ್ಚಿನಲ್ಲಿ ಪ್ರಚಾರ ಪತ್ರ ಕಳಿಸಿಕೊಡಿ ಅಂತ ಕೇಳಿದರೆ, ಆ ಕೋರಿಕೆ ನ್ಯಾಯವಾಗಿದ್ದರೆ, ಸಂಘ ಕಳಿಸಲೇಬೇಕು. ಸದಸ್ಯರ ಪಟ್ಟಿ ಬಳಸುವುದರಲ್ಲಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಬಾರದು.

ಮೊದಲನೆಯದು ದುಡ್ಡಿನ ಮಾತು, ಎರಡನೆಯದು ಸಮಾನತೆಯ ಮಾತು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಯ್ದೆಯಲ್ಲಿ 'ಪತ್ರಿಕೆ ಹೀಗಿರಬೇಕು' ಅಂತ ವಿವರ ಇಲ್ಲ. ಅದನ್ನು ಕಾರ್ಮಿಕ ಇಲಾಖೆಯ ನಿಯಮಗಳು ಬಿಡಿಸಿ ಹೇಳುತ್ತವೆ. ಸಂಘದ ಹಣದಿಂದ ಬರುವ ಪತ್ರಿಕೆಯಲ್ಲಿ ಅಭ್ಯರ್ಥಿಯನ್ನು ಹೊಗಳುವಂತಿಲ್ಲ, ತೆಗಳುವಂತಿಲ್ಲ. ಸಂಘದ ಹಣದಲ್ಲಿ ಸದಸ್ಯರಿಗೆ ಪತ್ರ ಬರೆದು ಇಂಥವರನ್ನು ಗೆಲ್ಲಿಸಿ ಅನ್ನುವಂತಿಲ್ಲ. ಖರ್ಚು ಎಷ್ಟೇ ಚಿಕ್ಕದಾಗಿರಲಿ, ಅದು ಉಲ್ಲಂಘನೆಯೇ. ಅರ್ಧ ಕಾಲಂ ಆದರೂ ಅಷ್ಟೇ, ಇಡೀ ಪುಟ ಆದರೂ ಅಷ್ಟೇ.

ಏನು ಮಾಡಬಹುದು ಅನ್ನುವುದೂ ಇದೆ. ಚುನಾವಣೆಯ ನೋಟಿಸ್ ಹಾಕಬಹುದು. ಅಭ್ಯರ್ಥಿಗಳಿಗೆ ಸಂಬಂಧವಿಲ್ಲದ ವಿಷಯಗಳ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಬಹುದು. ಚುನಾವಣೆ ನಡೆಸಲು ಬೇಕಾದ ಖರ್ಚು ಮಾಡಬಹುದು. ನೋಟಿಸ್ ವಿಷಯ ಬಂತಲ್ಲ, ಅದರಲ್ಲೊಂದು ತಮಾಷೆ ಇದೆ. ಚುನಾವಣೆಗೆ ಕನಿಷ್ಠ 15 ದಿನ ಮೊದಲು ಪ್ರತಿ ಸದಸ್ಯರ ಮನೆಗೆ ಅಂಚೆಯಲ್ಲಿ ನೋಟಿಸ್ ಹೋಗಬೇಕು. ಪತ್ರಿಕೆಯಲ್ಲೇ ಅದನ್ನು ಅಚ್ಚು ಹಾಕಿ ಕಳಿಸಿದರೂ ನಡೆಯುತ್ತದೆ, ಆದರೆ ಅದು ಮುಖಪುಟದಲ್ಲಿ ಎದ್ದು ಕಾಣಬೇಕು. ಇಲ್ಲವೇ, ಒಳಗೆ ಇಂಥ ಪುಟದಲ್ಲಿದೆ ಅಂತ ಮುಖಪುಟದಲ್ಲಿ ಕಣ್ಣಿಗೆ ಬೀಳುವ ಹಾಗೆ ಹೇಳಿರಬೇಕು. ಅಂದರೆ ಸದಸ್ಯರು ತಪ್ಪದೆ ಬಿಡಿಸಿ ನೋಡುವ ಸಂಚಿಕೆ ಅದೇ. ನೋಟಿಸಿನ ಪಕ್ಕದಲ್ಲೇ ಅಧ್ಯಕ್ಷರ ನಗುಮುಖ ಇದ್ದರೆ ಸಂಪಾದಕರು ಏನು ಹೇಳುತ್ತಾರೆ? 'ಜಾಗ ಖಾಲಿ ಇತ್ತು' ಅಂತಲೇ?

ಈಗ ಒಂದು ದೊಡ್ಡ ಕಥೆ ಹೇಳಬೇಕು. ಇದಿಲ್ಲದೆ ಪತ್ರಿಕೆಯ ವಿಷಯ ಮುಂದಕ್ಕೆ ಹೋಗುವುದಿಲ್ಲ.

ಯುನೈಟೆಡ್ ಮೈನ್ ವರ್ಕರ್ಸ್, ಅಮೆರಿಕದ ಗಣಿ ಕಾರ್ಮಿಕರ ಸಂಘ. 1969ರಲ್ಲಿ ಅದರ ಅಧ್ಯಕ್ಷರು ಟೋನಿ ಬಾಯ್ಲ್. ಹಿಂದಿನ ವರ್ಷ ನವೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿಯಲ್ಲಿ ಸ್ಫೋಟವಾಗಿ 78 ಜನ ಸತ್ತಿದ್ದರು. ಬಾಯ್ಲ್ ಅಲ್ಲಿಗೆ ಹೋಗಿ ಕಂಪನಿಯನ್ನೇ ಹೊಗಳಿ ಬಂದರು. ಕಾರ್ಮಿಕರಿಗೆ ಎಷ್ಟು ಸಿಟ್ಟು ಬಂದಿರಬೇಕು ನೀವೇ ಹೇಳಿ. ಮೇ 1969ರಲ್ಲಿ ಅದೇ ಸಂಘದ ಹಿರಿಯ ಪದಾಧಿಕಾರಿ ಜೋಸೆಫ್ ಯಾಬ್ಲೊನ್ಸ್ಕಿ ಬಾಯ್ಲ್ ವಿರುದ್ಧ ನಿಲ್ಲುತ್ತೇನೆ ಅಂತ ಘೋಷಿಸಿದರು. ಜನ ಅವರನ್ನು ಜಾಕ್ ಅಂತ ಕರೆಯುತ್ತಿದ್ದರು.

ಸಂಘಕ್ಕೆ ಒಂದು ಪತ್ರಿಕೆ ಇತ್ತು, ಹೆಸರು ಯುನೈಟೆಡ್ ಮೈನ್ ವರ್ಕರ್ಸ್ ಜರ್ನಲ್. ಗಣಿ ಊರುಗಳಲ್ಲಿ ಮನೆಮನೆಗೆ ಬರುತ್ತಿದ್ದ ಪತ್ರಿಕೆ ಅದು. ಬೆಟ್ಟಗಳ ನಡುವೆ ಚದುರಿದ್ದ ಸದಸ್ಯರಿಗೆ ಸಂಘದ ಒಳಗೆ ಏನಾಗುತ್ತಿದೆ ಅಂತ ತಿಳಿಯಲು ಇದ್ದ ಮುಖ್ಯ ದಾರಿಯೂ ಅದೇ. ಯಾಬ್ಲೊನ್ಸ್ಕಿ ನಿಂತ ಮೇಲೆ ಜರ್ನಲ್‌ನಲ್ಲಿ ಏನಾಯಿತು? ಪುಟ ತಿರುಗಿಸಿದರೆ ಬಾಯ್ಲ್. ಅವರ ಭಾಷಣ, ಅವರ ಸಾಧನೆ, ಅವರ ಫೋಟೊ. ಯಾಬ್ಲೊನ್ಸ್ಕಿ ಅನ್ನುವ ಮನುಷ್ಯ ಸ್ಪರ್ಧೆಗೆ ಇಳಿದಿದ್ದಾರೆ ಅನ್ನುವ ಸುದ್ದಿಯೇ ಇಲ್ಲ. ಅವರು ತಮ್ಮ ಖರ್ಚಿನಲ್ಲಿ ಪ್ರಚಾರ ಪತ್ರ ಕಳಿಸಿಕೊಡಿ ಅಂತ ಕೇಳಿದರೆ ಸಂಘ ಅದಕ್ಕೂ ಒಪ್ಪಲಿಲ್ಲ.

ನನ್ನ ಮಾತಿನ ಮುಖ್ಯ ವಿಷಯ ಇದೇ. ಪಕ್ಷಪಾತ ಅಂದರೆ ನಾವು ಅಚ್ಚಾಗಿರುವುದನ್ನು ಮಾತ್ರ ಹುಡುಕುತ್ತೇವೆ. ಹೊಗಳಿದ್ದಾರಾ, ಬೈದಿದ್ದಾರಾ ಅಂತ ನೋಡುತ್ತೇವೆ. ಅಚ್ಚಾಗದೆ ಉಳಿದದ್ದು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಎದುರಾಳಿಯನ್ನು ಬೈದರೆ ಅವರು ಇದ್ದಾರೆ ಅಂತಾದರೂ ಗೊತ್ತಾಗುತ್ತದೆ. ಹೆಸರೇ ಎತ್ತದಿದ್ದರೆ ಚುನಾವಣೆಯೇ ಇಲ್ಲದ ಹಾಗೆ ಕಾಣುತ್ತದೆ, ಅಲ್ವಾ?

ಯಾಬ್ಲೊನ್ಸ್ಕಿ ಪರ ವಕೀಲರು ಜೋಸೆಫ್ ರಾ. ಅವರು ವಾಷಿಂಗ್ಟನ್‌ನ ಫೆಡರಲ್ ಕೋರ್ಟಿಗೆ ಹೋದರು. ಮೊದಲು ಹೇಳಿದ ಎರಡು ಉಪವಿಧಿಗಳ ವ್ಯತ್ಯಾಸ ಈಗ ಬೇಕಾಗುತ್ತದೆ. ದುಡ್ಡಿನ ಬಗ್ಗೆ ಇರುವ 401(ಜಿ) ಅಡಿ ಅಭ್ಯರ್ಥಿ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಚುನಾವಣೆ ಮುಗಿಯಬೇಕು, ದೂರು ಕಾರ್ಮಿಕ ಕಾರ್ಯದರ್ಶಿಗೆ, ಅಂದರೆ ಸರ್ಕಾರದ ಕಾರ್ಮಿಕ ಇಲಾಖೆಯ ಮುಖ್ಯಸ್ಥರಿಗೆ ಹೋಗಬೇಕು, ಅವರು ದಾವೆ ಹೂಡಬೇಕು. ಸಮಾನತೆಯ ಬಗ್ಗೆ ಇರುವ 401(ಸಿ) ಅಡಿ ಮಾತ್ರ ಅಭ್ಯರ್ಥಿಯೇ ಚುನಾವಣೆಗೆ ಮೊದಲು ಕೋರ್ಟ್ ಮೆಟ್ಟಿಲು ಹತ್ತಬಹುದು. ಹಾಗಾಗಿ ವಾದ ಹೀಗೆ ಬಂತು: ಈ ಜರ್ನಲ್ ಈಗ ಸುದ್ದಿ ಪತ್ರಿಕೆಯಾಗಿ ಉಳಿದಿಲ್ಲ, ಇದು ಬಾಯ್ಲ್ ಅವರ ಪ್ರಚಾರ ಸಾಹಿತ್ಯ. ಅದನ್ನು ಸದಸ್ಯರ ಪಟ್ಟಿ ಬಳಸಿ ಸಂಘ ಹಂಚುತ್ತಿದೆ. ಒಬ್ಬರದ್ದನ್ನು ಹಂಚಿ ಇನ್ನೊಬ್ಬರದ್ದನ್ನು ಹಂಚದಿರುವುದು ತಾರತಮ್ಯ. ಕೋರ್ಟ್ ಒಪ್ಪಿತು. ಯಾಬ್ಲೊನ್ಸ್ಕಿಯ ಪತ್ರಗಳನ್ನು ಕಳಿಸಿ ಎಂದಿತು. ಜರ್ನಲನ್ನು ಬಾಯ್ಲ್ ಪ್ರಚಾರಕ್ಕೆ ಬಳಸಬೇಡಿ ಎಂದೂ ಆದೇಶ ಕೊಟ್ಟಿತು. ನನ್ನ ಮಟ್ಟಿಗೆ ಈ ವಾದ ವಕೀಲರ ಜಾಣ್ಮೆಗೆ ಒಳ್ಳೆಯ ಉದಾಹರಣೆ. ಬೀಗ ಹಾಕಿದ ಬಾಗಿಲು ಬಿಟ್ಟು ಪಕ್ಕದ ಬಾಗಿಲಿನಿಂದ ಒಳಗೆ ಹೋದರು.

ಆದರೂ ಆಗುವ ನಷ್ಟ ಆಗಿಹೋಗಿತ್ತು. ಚುನಾವಣೆಗೆ ಮೊದಲೇ ತನಿಖೆ ಮಾಡಿ ಅಂತ ಕಾರ್ಮಿಕ ಇಲಾಖೆಗೆ ಕೊಟ್ಟ ದೂರುಗಳಿಗೆ, ಚುನಾವಣೆ ಮುಗಿಯಲಿ ಅನ್ನುವ ಉತ್ತರ ಬಂತು. ಡಿಸೆಂಬರ್ 1969ರಲ್ಲಿ ಮತದಾನ ನಡೆಯಿತು. ಬಾಯ್ಲ್‌ಗೆ ಸುಮಾರು 80 ಸಾವಿರ, ಯಾಬ್ಲೊನ್ಸ್ಕಿಗೆ ಸುಮಾರು 46 ಸಾವಿರ. ಯಾಬ್ಲೊನ್ಸ್ಕಿ ಫಲಿತಾಂಶವನ್ನು ಪ್ರಶ್ನಿಸಿದರು. ಅದೇ ತಿಂಗಳ 31ರ ರಾತ್ರಿ ಪೆನ್ಸಿಲ್ವೇನಿಯಾದ ಅವರ ಮನೆಯಲ್ಲಿ ಅವರನ್ನೂ ಅವರ ಹೆಂಡತಿ, ಮಗಳನ್ನೂ ಗುಂಡಿಟ್ಟು ಕೊಂದರು. ಮುಂದೆ ಆ ಕೊಲೆ ಮಾಡಿಸಿದ್ದಕ್ಕೆ ಬಾಯ್ಲ್‌ಗೆ ಶಿಕ್ಷೆ ಆಯಿತು. ಕೊಲೆಗಾರರಿಗೆ ಸಂದಾಯವಾದ ಹಣವೂ ಸಂಘದ ಖಜಾನೆಯಿಂದಲೇ ಹೋಗಿತ್ತು.

1972ರಲ್ಲಿ ನ್ಯಾಯಾಧೀಶ ವಿಲಿಯಂ ಬ್ರಯಂಟ್ ಆ ಚುನಾವಣೆಯನ್ನು ರದ್ದು ಮಾಡಿದರು. ಕಾರಣಗಳಲ್ಲಿ ಜರ್ನಲನ್ನು ಪ್ರಚಾರಕ್ಕೆ ಬಳಸಿದ್ದೂ ಒಂದು. ಮರುಚುನಾವಣೆ ಕಾರ್ಮಿಕ ಇಲಾಖೆಯ ಕಣ್ಗಾವಲಿನಲ್ಲಿ ನಡೆಯಿತು, ಜರ್ನಲ್‌ನಲ್ಲಿ ಎರಡೂ ಕಡೆಯವರಿಗೆ ಸಮಾನ ಜಾಗ ಸಿಕ್ಕಿತು. ಆ ಡಿಸೆಂಬರ್‌ನಲ್ಲಿ ಆರ್ನಲ್ಡ್ ಮಿಲ್ಲರ್ ಅನ್ನುವ ಗಣಿ ಕಾರ್ಮಿಕ ಸುಮಾರು 70 ಸಾವಿರ ಮತ ಪಡೆದು ಗೆದ್ದರು. ಬಾಯ್ಲ್‌ಗೆ ಬಂದದ್ದು ಸುಮಾರು 56 ಸಾವಿರ. ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದರಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಮೂರು ವರ್ಷದಲ್ಲಿ ಎಷ್ಟೆಲ್ಲ ಆಗಿತ್ತು. ಆದರೆ ಪತ್ರಿಕೆ ಬಾಯಿ ಬಿಟ್ಟಾಗ ಸಂಘ ಹೇಗೆ ಕಂಡಿತು ಅನ್ನುವುದು ಆ ಸಂಖ್ಯೆಗಳಲ್ಲೂ ಸ್ವಲ್ಪ ಇದೆ.

ಇನ್ನು ದಿನನಿತ್ಯದ ಕಷ್ಟಕ್ಕೆ ಬರುತ್ತೇನೆ. ಬಾಯ್ಲ್ ಕಥೆ ಅತಿರೇಕದ್ದು, ಅಲ್ಲಿ ತಪ್ಪು ಯಾರ ಕಣ್ಣಿಗೂ ಬೀಳುತ್ತದೆ. ನಿಮ್ಮಂಥ ಸಂಪಾದಕರ ಮೇಜಿನ ಮೇಲೆ ಬರುವ ಪ್ರಶ್ನೆಗಳು ಅಷ್ಟು ಸಲೀಸಲ್ಲ. ಅಧ್ಯಕ್ಷರು ಅಧ್ಯಕ್ಷರೇ. ಮಾತುಕತೆಗೆ ಹೋಗುವವರು ಅವರು, ಸಹಿ ಹಾಕುವವರು ಅವರು. ಚುನಾವಣೆ ಬಂತು ಅಂತ ಒಪ್ಪಂದದ ಸುದ್ದಿ ಹಾಕದೆ ಇರೋಕಾಗುತ್ತಾ? ಆಗುವುದಿಲ್ಲ. ಕಾನೂನೂ ಹಾಗೆ ಕೇಳುವುದಿಲ್ಲ. ಪದಾಧಿಕಾರಿಗಳ ಮಾಮೂಲಿ ಕೆಲಸದ ವರದಿಗೆ ಅಡ್ಡಿಯಿಲ್ಲ.

ಕೋರ್ಟುಗಳು ಮೂರು ವಿಷಯ ನೋಡುತ್ತವೆ: ಬರಹ ಬಂದ ಸಮಯ, ಅದರ ದನಿ, ಅದರಲ್ಲಿರುವ ವಿಷಯ. ಒಂದೇ ಘಟನೆಗೆ ಎರಡು ತಲೆಬರಹ ಕೊಡುತ್ತೇನೆ, ಕೇಳಿ. 'ವೇತನ ಒಪ್ಪಂದಕ್ಕೆ ಸಹಿ, ವಿವರ 4ನೇ ಪುಟದಲ್ಲಿ.' ಇದು ಒಂದು. 'ಅಧ್ಯಕ್ಷರ ಛಲಕ್ಕೆ ಮಣಿದ ಕಂಪನಿ.' ಇದು ಇನ್ನೊಂದು. ಎರಡನೆಯದರಲ್ಲಿ ಒಪ್ಪಂದ ಹಿಂದೆ ಸರಿದು ಮನುಷ್ಯ ಮುಂದೆ ಬಂದಿದ್ದಾನೆ. ಮಾತುಕತೆ ಸಮಿತಿಯಲ್ಲಿ ಕೂತಿದ್ದ ಉಳಿದವರೆಲ್ಲ ಎಲ್ಲಿ ಹೋದರು? ಅದರಲ್ಲಿ ಒಬ್ಬರು ಈಗ ಅಧ್ಯಕ್ಷರ ವಿರುದ್ಧ ನಿಂತಿದ್ದರೆ? ಗುಂಪು ಫೋಟೊದಿಂದ ಒಬ್ಬರನ್ನು ಕತ್ತರಿಸುವುದು ಸಂಪಾದಕರಿಗೆ ಒಂದು ನಿಮಿಷದ ಕೆಲಸ. ಫೋಟೊ ಕೆಳಗೆ ಐದು ಹೆಸರಿದ್ದ ಕಡೆ 'ಅಧ್ಯಕ್ಷರು ಮತ್ತು ಇತರರು' ಅಂತ ಹಾಕುವುದೂ ಅಷ್ಟೇ ಸುಲಭ. ನನಗೆ ಯಾರಾದರೂ ಇಂಥ ಸಂಚಿಕೆ ಕೊಟ್ಟರೆ ನಾನು ಮೊದಲು ಲೇಖನ ಓದುವುದಿಲ್ಲ, ಫೋಟೊಗಳ ಅಡಿಬರಹ ಓದುತ್ತೇನೆ.

ಸಮಯದ ಮಾತು. ಸಂಘದ ನೀತಿಯನ್ನು ಟೀಕಿಸುವವರಿಗೆ ಉತ್ತರ ಕೊಡುವ ಲೇಖನ ಚುನಾವಣೆಗೆ ಎರಡು ವರ್ಷ ಮೊದಲು ಬಂದರೆ ಅದು ಚರ್ಚೆ. ಅದೇ ಲೇಖನ ಮತಪತ್ರ ಅಂಚೆಗೆ ಬೀಳುವ ವಾರ ಬಂದರೆ, ಟೀಕಾಕಾರರು ಅಭ್ಯರ್ಥಿಗಳಾಗಿದ್ದರೆ, ಹೆಸರು ಹಾಕದಿದ್ದರೂ ಯಾರ ಬಗ್ಗೆ ಅಂತ ಓದುವವರಿಗೆ ಗೊತ್ತಾಗುತ್ತದೆ. ಹೆಸರು ಬಿಟ್ಟ ಮಾತ್ರಕ್ಕೆ ಪಾರಾಗಬಹುದು ಅಂತ ನಂಬಬೇಡಿ.

ನನ್ನನ್ನು ಕಾಡುವ ಗೋಜಲು ಇಲ್ಲಿದೆ. ಚಂದಾ ಏರಿಸುವ ಪ್ರಸ್ತಾವ ಇದೆ ಅಂದುಕೊಳ್ಳಿ. ಅದನ್ನೂ ಸದಸ್ಯರ ಮತಕ್ಕೆ ಹಾಕಿದ್ದಾರೆ. ಖಜಾನೆಯ ಸ್ಥಿತಿ ಏನು, ಏರಿಕೆ ಯಾಕೆ ಬೇಕು ಅಂತ ವಿವರಿಸುವುದು ಪತ್ರಿಕೆಯ ಕೆಲಸ. ಕಾನೂನೂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಎದುರಾಳಿಯ ಇಡೀ ಪ್ರಚಾರ 'ಚಂದಾ ಏರಿಕೆ ಬೇಡ' ಅನ್ನುವುದರ ಮೇಲೆಯೇ ನಿಂತಿದ್ದರೆ? ಆಗ ಏರಿಕೆಯ ಪರ ಬರೆದ ಪ್ರತಿ ಸಾಲೂ ಅವರ ವಿರುದ್ಧ ಬರೆದಂತೆಯೇ. ಇದಕ್ಕೆ ನಿಯಮದಲ್ಲಿ ಸಿದ್ಧ ಉತ್ತರ ಇಲ್ಲ. ನಾನು ಸಂಪಾದಕನಾಗಿದ್ದರೆ ಲೆಕ್ಕದ ಕೋಷ್ಟಕ ಹಾಕುತ್ತಿದ್ದೆ, ಪ್ರಸ್ತಾವದ ಪೂರ್ತಿ ಪಠ್ಯ ಹಾಕುತ್ತಿದ್ದೆ. 'ವಿರೋಧಿಸುವವರು ಸಂಘವನ್ನು ಮುಳುಗಿಸುತ್ತಾರೆ' ಅನ್ನುವ ಸಾಲನ್ನು ಯಾರೇ ಬರೆದು ಕೊಟ್ಟರೂ ಹೊಡೆದು ಹಾಕುತ್ತಿದ್ದೆ.

ಅಧ್ಯಕ್ಷರ ಅಂಕಣ ನಿಲ್ಲಿಸಬೇಕಾ ಅಂತ ಕೇಳುತ್ತೀರಿ. ಕಾನೂನು ನಿಲ್ಲಿಸಿ ಅನ್ನುವುದಿಲ್ಲ. ಆದರೆ ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ದಿನದಿಂದ ಫಲಿತಾಂಶದ ತನಕ ನಿಲ್ಲಿಸಿದರೆ ಆಕಾಶ ಬೀಳುವುದಿಲ್ಲ. ಓದುಗರ ಪತ್ರಗಳ ವಿಷಯವೂ ಹಾಗೆಯೇ. ಒಬ್ಬ ಸದಸ್ಯರು ತಾವಾಗಿಯೇ ಅಧ್ಯಕ್ಷರನ್ನು ಹೊಗಳಿ ಬರೆದರು, ನಾವು ಹಾಕಿದೆವು, ಅದು ಅವರ ಅಭಿಪ್ರಾಯ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಕಾಗದ, ಅಚ್ಚು, ಅಂಚೆ ಎಲ್ಲಕ್ಕೂ ಸಂಘದ ದುಡ್ಡೇ ತಾನೆ ಹೋಗುವುದು.

ಅದಕ್ಕಿಂತ ಒಳ್ಳೆಯ ದಾರಿ ಎಲ್ಲರಿಗೂ ಜಾಗ ಕೊಡುವುದು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಅಳತೆಯ ಜಾಗ, ಒಂದೇ ಕೊನೇ ದಿನಾಂಕ. ಅವಕಾಶ ಇದೆ ಅನ್ನುವುದನ್ನು ಎಲ್ಲರಿಗೂ ಮೊದಲೇ ತಿಳಿಸಿರಬೇಕು. ಒಬ್ಬರಿಗೆ ತಿಂಗಳ ಮೊದಲು ಹೇಳಿ ಇನ್ನೊಬ್ಬರಿಗೆ ಎರಡು ದಿನ ಮೊದಲು ಹೇಳಿದರೆ ಅದು ಸಮಾನವಲ್ಲ. ಟೀಮ್‌ಸ್ಟರ್ಸ್ ಅನ್ನುವ ಲಾರಿ ಚಾಲಕರ ದೊಡ್ಡ ಸಂಘ ಇದೆಯಲ್ಲ, 1989ರಲ್ಲಿ ಸರ್ಕಾರದ ಜತೆ ಆದ ರಾಜಿ ತೀರ್ಪಿನ ನಂತರ ಅಲ್ಲಿ ಸದಸ್ಯರೇ ನೇರವಾಗಿ ಮತ ಹಾಕುವ ಪದ್ಧತಿ ಬಂತು. ಸಂಘದ ಪತ್ರಿಕೆಯಲ್ಲಿ ಅಭ್ಯರ್ಥಿಗಳಿಗೇ ಅಂತ ಪುಟ ಮೀಸಲಿಡುವ ಕ್ರಮವೂ ಬಂತು. ಅಲ್ಲಿನವರು ಅದನ್ನು 'ಬ್ಯಾಟಲ್ ಪೇಜಸ್' ಅಂತ ಕರೆಯುತ್ತಾರೆ. ಹೆಸರಿಗೆ ತಕ್ಕ ಹಾಗೆ ಅಲ್ಲಿ ಜಗಳವೇ ನಡೆಯುತ್ತದೆ. ನಡೆಯಲಿ ಬಿಡಿ.

ಅಭ್ಯರ್ಥಿ ಬರೆದದ್ದನ್ನು ತಿದ್ದಬಹುದಾ? ತಮ್ಮ ಖರ್ಚಿನಲ್ಲಿ ಕಳಿಸುವ ಪ್ರಚಾರ ಪತ್ರದ ಬಗ್ಗೆ ನಿಯಮ ಬಹಳ ಖಡಕ್ ಇದೆ. ಸಂಘ ಅದನ್ನು ಮೊದಲು ಓದಿ ನೋಡುತ್ತೇವೆ ಅನ್ನುವಂತೆಯೇ ಇಲ್ಲ. ಬೇರೆ ಅಭ್ಯರ್ಥಿಯ ಬಗ್ಗೆ ಹೀನಾಯವಾಗಿ ಬರೆದಿದ್ದರೂ ಕತ್ತರಿ ಹಾಕುವಂತಿಲ್ಲ. ಮಾನನಷ್ಟ ಮೊಕದ್ದಮೆ ನಮ್ಮ ಮೇಲೆ ಬಂದರೆ ಅಂತ ಸಂಘದವರು ಹೆದರುತ್ತಾರೆ. ಅದಕ್ಕೂ ಉತ್ತರ ಇದೆ: ಒಳಗಿನ ಮಾತಿನ ಮೇಲೆ ಹಿಡಿತವೇ ಇಲ್ಲದವರನ್ನು ಅದಕ್ಕೆ ಹೊಣೆ ಮಾಡುವಂತಿಲ್ಲ. 1991ರಲ್ಲಿ ಹಡಗು ಅಧಿಕಾರಿಗಳ ಸಂಘವೊಂದರ ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಟಿಮೊತಿ ಬ್ರೌನ್ ಅನ್ನುವ ಅಭ್ಯರ್ಥಿ ಸಂಘದ ಸಮಾವೇಶಕ್ಕೆ ಮೊದಲೇ ಪತ್ರ ಕಳಿಸಬೇಕು ಎಂದರು. ಸಮಾವೇಶಕ್ಕೆ ಮೊದಲು ಕಳಿಸುವಂತಿಲ್ಲ, ಅದು ನಮ್ಮ ನಿಯಮ ಅಂತ ಸಂಘ ಹೇಳಿತು. ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೇಳಿದ್ದಿಷ್ಟು: ನೋಡಬೇಕಾದದ್ದು ಅಭ್ಯರ್ಥಿಯ ಕೋರಿಕೆ ನ್ಯಾಯವಾದದ್ದೇ ಅನ್ನುವುದನ್ನು, ಸಂಘದ ನಿಯಮ ನ್ಯಾಯವಾದದ್ದೇ ಅನ್ನುವುದನ್ನಲ್ಲ. ನಿಯಮಾವಳಿಯ ಹಿಂದೆ ಬಚ್ಚಿಟ್ಟುಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಮಾಲೀಕರ ಹಣದ ಬಗ್ಗೆ ಎರಡೇ ಮಾತು. ನಿಮ್ಮ ಕಂಪನಿ ಮಾತ್ರ ಅಲ್ಲ, ಯಾವ ಮಾಲೀಕರ ಹಣವೂ ಆಗದು. ಅಭ್ಯರ್ಥಿಯ ಭಾವಮೈದುನ ತನ್ನ ಆಫೀಸಿನ ಜೆರಾಕ್ಸ್ ಯಂತ್ರದಲ್ಲಿ ಕರಪತ್ರ ತೆಗೆದುಕೊಟ್ಟರೂ ಅದು ಉಲ್ಲಂಘನೆ. ತುಂಬಾ ಜನ ಇದರಲ್ಲೇ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಯಾರಿಗೂ ಇದು ದುಡ್ಡು ಅಂತ ಅನಿಸುವುದೇ ಇಲ್ಲ. ಸಂಘದ ಇಮೇಲ್ ಪಟ್ಟಿಯೂ ಹಾಗೆಯೇ. ಒಂದು ಮೇಲ್ ಕಳಿಸಲು ಖರ್ಚೇನು ಅಂತ ಕೇಳುತ್ತಾರೆ. ಆ ಪಟ್ಟಿ ಮಾಡಿದ್ದು, ಸರಿಯಾಗಿ ಇಟ್ಟುಕೊಂಡಿದ್ದು ಸಂಘದ ಸಂಬಳ ತಗೊಳ್ಳುವವರು ತಾನೆ?

ಉಲ್ಲಂಘನೆ ಆದ ಮಾತ್ರಕ್ಕೆ ಚುನಾವಣೆ ರದ್ದಾಗುವುದಿಲ್ಲ. ಅದರಿಂದ ಫಲಿತಾಂಶ ಬದಲಾಗಿರಬಹುದಾ ಅಂತ ನೋಡುತ್ತಾರೆ. ಐವತ್ತು ಕರಪತ್ರ ಜೆರಾಕ್ಸ್ ಮಾಡಿಸಿದವರು ನಾನೂರು ಮತದಿಂದ ಗೆದ್ದಿದ್ದರೆ ಫಲಿತಾಂಶ ಉಳಿಯುವುದೇ ಹೆಚ್ಚು. ಪತ್ರಿಕೆಯ ವಿಷಯ ಬೇರೆ, ಅದು ಎಲ್ಲ ಸದಸ್ಯರ ಮನೆಗೂ ಹೋಗಿರುತ್ತದೆ. 1968ರಲ್ಲಿ ಹೋಟೆಲ್ ನೌಕರರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಉಲ್ಲಂಘನೆ ಸಾಬೀತಾದರೆ, ಫಲಿತಾಂಶದ ಮೇಲೆ ಪರಿಣಾಮ ಆಗಿರಬಹುದು ಅಂತಲೇ ಮೊದಲ ನೋಟಕ್ಕೆ ಹಿಡಿಯಬೇಕು. ಆಗಿಲ್ಲ ಅಂತ ತೋರಿಸುವ ಹೊರೆ ಸಂಘದ್ದು. ಪತ್ರಿಕೆ ಓದಿ ಯಾರ ಮನಸ್ಸೂ ಬದಲಾಗಲಿಲ್ಲ ಅಂತ ಹೇಗೆ ತೋರಿಸುತ್ತೀರಿ?

ದೂರು ಕೊಡುವ ದಾರಿ ಹೀಗಿದೆ. ಮೊದಲು ಸಂಘದ ಒಳಗೇ ತಕರಾರು ಹಾಕಬೇಕು. ಒಳಗಿನ ಮೇಲ್ಮನವಿಗಳೆಲ್ಲ ಮುಗಿದ ಮೇಲೆ, ಇಲ್ಲವೇ ಮೂರು ತಿಂಗಳಾದರೂ ಅಂತಿಮ ಉತ್ತರ ಬರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಕಾರ್ಮಿಕ ಕಾರ್ಯದರ್ಶಿಗೆ ದೂರು. ಅವರು ತನಿಖೆ ಮಾಡಿ, ತಪ್ಪಾಗಿದೆ ಅನಿಸಿದರೆ, 60 ದಿನದೊಳಗೆ ಕೋರ್ಟಿಗೆ ಹೋಗಬೇಕು. ಪತ್ರಿಕೆಯ ಆ ಸಂಚಿಕೆಗಳನ್ನು, ಅಂಚೆ ಮುದ್ರೆ ಇರುವ ಹೊದಿಕೆ ಸಮೇತ, ಜೋಪಾನವಾಗಿ ಇಟ್ಟುಕೊಳ್ಳಿ. ಯಾವ ದಿನ ಕೈಗೆ ಬಂತು ಅನ್ನುವುದೇ ಅರ್ಧ ಮೊಕದ್ದಮೆ.

ಅಲ್ಲಿಯ ತನಕ ಗೆದ್ದವರೇ ಅಧಿಕಾರದಲ್ಲಿರುತ್ತಾರೆ. ಕೋರ್ಟ್ ಅಂತಿಮವಾಗಿ ರದ್ದು ಮಾಡುವ ತನಕ ಚುನಾವಣೆ ಸಿಂಧು ಅಂತಲೇ ಕಾಯ್ದೆ ಹೇಳುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವುದು ಅಂದರೆ ಹೇಳುವುದೂ ಕಷ್ಟ. ಒಂದು ದೂರು ಬಂದ ಕೂಡಲೇ ಪದಾಧಿಕಾರಿಗಳನ್ನು ಇಳಿಸಿದರೆ ಸೋತವರೆಲ್ಲ ಮರುದಿನವೇ ದೂರು ಬರೆಯುತ್ತಾರೆ. ಹಾಗಾಗಿ 1969ರ ಡಿಸೆಂಬರ್‌ನಿಂದ ಎರಡು ವರ್ಷಕ್ಕೂ ಮೇಲ್ಪಟ್ಟು ಬಾಯ್ಲ್ ಅವರೇ ಅಧ್ಯಕ್ಷರಾಗಿದ್ದರು. ಜರ್ನಲ್ ಸಂಪಾದಕರಿಗೆ ಸಂಬಳ ಕೊಡುತ್ತಿದ್ದದ್ದೂ ಅವರ ಕೈಯಲ್ಲಿದ್ದ ಸಂಘವೇ.